ದಿನ ತಪ್ಪಿದಾಗ ಯಾವುದು ಸರಿ: ಸ್ಟ್ರಿಪ್ಪೋ, ರಕ್ತ ಪರೀಕ್ಷೆಯೋ, ಸ್ಕ್ಯಾನಿಂಗೋ?

ಜುಲೈ 13ರ ಬೆಳಗ್ಗೆ ನಾನು ಡಿಕಾಕ್ಷನ್‌ಗೆ ಬಿಸಿನೀರು ಸುರಿಯುತ್ತಿದ್ದೆ. ಓರಗಿತ್ತಿ ಅಡುಗೆಮನೆ ಬಾಗಿಲವರೆಗೆ ಬಂದವಳು ಮೂಗಿಗೆ ವೇಲು ಒತ್ತಿಕೊಂಡು ಹಾಗೇ ಹಿಂದಕ್ಕೆ ಹೋದಳು. ಮದುವೆಯಾಗಿ ಬಂದ ದಿನದಿಂದ ಆ ಘಮಕ್ಕೇ ಎದ್ದು ಬರುತ್ತಿದ್ದ ಹುಡುಗಿ ಅವಳು. ಮಧ್ಯಾಹ್ನ ಬಚ್ಚಲೊಲೆ ಮೇಲಿನ ಹಗ್ಗಕ್ಕೆ ಬಟ್ಟೆ ಹರವುವ ನೆಪದಲ್ಲಿ ಹತ್ತಿರ ಬಂದಳು. "ಅಕ್ಕ, ದಿನ ತಪ್ಪಿದೆ. ಐದು ದಿನ ಆಯ್ತು" ಅಂದಳು.

ಸಂಜೆಯೊಳಗೆ ಮನೆಯಲ್ಲಿ ಮೂರು ಮಾತು ಹುಟ್ಟಿಕೊಂಡಿತು. ಅತ್ತೆ ಅವಳ ಮುಖ ನೋಡಿಯೇ, "ಕಣ್ಣು ಹೇಳುತ್ತೆ ಕಣೇ, ಇನ್ನೇನು ಪರೀಕ್ಷೆ ಬೇಕು" ಅಂದರು. ಮೈದುನ ಹಾಸನಕ್ಕೆ ಹೋಗಿ ಸ್ಕ್ಯಾನಿಂಗ್ ಮಾಡಿಸಿಬಿಡೋಣ ಅಂದ. ಅವಳ ಅಮ್ಮ ಫೋನಿನಲ್ಲಿ, "ರಕ್ತ ಪರೀಕ್ಷೆ ಮಾಡಿಸಿದರೆ ಸರಿಯಾಗಿ ಗೊತ್ತಾಗುತ್ತೆ" ಅಂದರು. ಓರಗಿತ್ತಿ ಮಾತ್ರ ಯಾರಿಗೂ ಹೇಳದೆ ಮೂಡಿಗೆರೆಯಿಂದ ಮೂತ್ರ ಪರೀಕ್ಷೆಯ ಒಂದು ಕಾರ್ಡ್, ಅಂದರೆ ಸ್ಟ್ರಿಪ್, ತರಿಸಿ, ಆ ಸಂಜೆಯೇ ಪರೀಕ್ಷೆ ಮಾಡಿ, ಒಂದೇ ಗೆರೆ ಬಂತು ಅಂತ ಕಣ್ಣೀರು ಹಾಕಿಕೊಂಡು ಕೂತಿದ್ದಳು.

ನಾನು ಡಾಕ್ಟರಲ್ಲ. ಎರಡು ಹೆತ್ತವಳು. ಬಣಕಲ್ ಕಡೆಯ ತೋಟದ ಮನೆಯಲ್ಲಿ ಇದ್ದುಕೊಂಡು, ತೋಟದ ಕೆಲಸದವರ ಲೈನ್ ಮನೆಯ ಹೆಣ್ಣುಮಕ್ಕಳ ಜೊತೆ ಸರ್ಕಾರದ ಆರೋಗ್ಯ ಸಬ್ ಸೆಂಟರಿಗೂ ಆಸ್ಪತ್ರೆಗೂ ಎಷ್ಟೋ ಸಲ ಓಡಾಡಿದ್ದೇನೆ. ಈ ಮೂರೂ ಮಾತು ತಪ್ಪಲ್ಲ, ಆದರೆ ಒಂದೊಂದಕ್ಕೂ ಒಂದೊಂದು ದಿನ ಇದೆ. ಇವತ್ತು ಹೇಳಲಾಗದ್ದನ್ನು ಅದೇ ಪರೀಕ್ಷೆ ಒಂದು ವಾರದ ನಂತರ ಸ್ಪಷ್ಟವಾಗಿ ಹೇಳುತ್ತದೆ. ಹಾಗಾಗಿ ಯಾವ ಪರೀಕ್ಷೆ ಅನ್ನುವ ಮೊದಲು ಇವತ್ತು ಎಷ್ಟನೇ ದಿನ ಅಂತ ನೋಡಿಕೊಳ್ಳಬೇಕು.

ಮೊದಲು ಕ್ಯಾಲೆಂಡರ್ ಇಳಿಸಿ

ನಮ್ಮ ಅಡುಗೆಮನೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಆಳಿಗೆ ಕೊಟ್ಟ ಮುಂಗಡ ಎಲ್ಲ ಇರುತ್ತದೆ. ಅದರ ಮಧ್ಯೆ ಓರಗಿತ್ತಿಯ ಸಣ್ಣ ಸಣ್ಣ ಕೆಂಪು ಚುಕ್ಕೆಗಳೂ ಇವೆ. ಇಬ್ಬರೂ ಕೂತು ಹಿಂದಕ್ಕೆ ಎಣಿಸಿದೆವು. ಕೊನೆಯ ಸಲ ಹೊರಗಾಗಿದ್ದು ಜೂನ್ 10. ಎಲ್ಲರಿಗೂ 28 ದಿನಕ್ಕೆ ಆಗುತ್ತದೆ ಅಂದುಕೊಂಡು ಅವಳು ಜುಲೈ 8ಕ್ಕೆ ಕಾದಿದ್ದಳು. ಆದರೆ ಅವಳ ಹಿಂದಿನ ಮೂರು ತಿಂಗಳ ಅಂತರ 31, 32, 31 ದಿನ ಇತ್ತು. ಅಂದರೆ ಅವಳ ದಿನ ಬರಬೇಕಿದ್ದದ್ದು 11 ಅಥವಾ 12ಕ್ಕೆ. ಐದು ದಿನ ತಪ್ಪಿಲ್ಲ, ಒಂದೆರಡು ದಿನ ಅಷ್ಟೇ.

ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಆ ಒಂದು ಗೆರೆಗೆ ಅತ್ತಿದ್ದಕ್ಕೆ ಕಾರಣ ಇಲ್ಲೇ ಇದೆ. ಗರ್ಭ ಕಟ್ಟಿದ ತಕ್ಷಣ ಯಾವ ಪರೀಕ್ಷೆಗೂ ಅದು ಸಿಗುವುದಿಲ್ಲ. ಅಂಡಾಣು ಬಿಡುಗಡೆಯಾಗಿ, ಫಲಿತವಾಗಿ, ಬಂದು ಗರ್ಭಕೋಶದ ಗೋಡೆಗೆ ಅಂಟಿಕೊಳ್ಳಲು 6ರಿಂದ 12 ದಿನ ಬೇಕು. ಅಂಟಿಕೊಂಡ ಮೇಲೆಯೇ ಎಚ್‌ಸಿಜಿ ಅನ್ನುವ ಹಾರ್ಮೋನ್ ರಕ್ತಕ್ಕೆ ಸೇರಲು ಶುರು. ಮೊದಲ ದಿನಗಳಲ್ಲಿ ಅದು ತೀರಾ ಕಡಿಮೆ. ಹೆಚ್ಚು ಕಡಿಮೆ ಎರಡು ಮೂರು ದಿನಕ್ಕೊಮ್ಮೆ ದುಪ್ಪಟ್ಟಾಗುತ್ತಾ ಹೋಗುತ್ತದೆ. ರಕ್ತದಲ್ಲಿ ಮೊದಲು ಕಾಣಿಸುತ್ತದೆ, ಮೂತ್ರಕ್ಕೆ ಆಮೇಲೆ ಇಳಿಯುತ್ತದೆ. ಕಣ್ಣಿಗೆ ಕಾಣುವ ಚೀಲವಾಗಿ ಸ್ಕ್ಯಾನಿಂಗಿನಲ್ಲಿ ತೋರುವುದು ಇನ್ನೂ ಆಮೇಲೆ.

ತಿಂಗಳು ತಿಂಗಳಿಗೆ ಸರಿಯಾಗಿ ಆಗದವರು ಏನು ಮಾಡಬೇಕು? ನಿಮ್ಮ ಅತೀ ಉದ್ದದ ಅಂತರವನ್ನೇ ಲೆಕ್ಕಕ್ಕೆ ಹಿಡಿಯಿರಿ. ಅದೂ ಗೊತ್ತಿಲ್ಲದಿದ್ದರೆ ಗಂಡನ ಜೊತೆ ಸೇರಿದ ಕೊನೆಯ ದಿನದಿಂದ ಮೂರು ವಾರ ಎಣಿಸಿ. ಮೂರು ವಾರ ಕಳೆದ ಮೇಲೆ ಮಾಡಿದ ಮೂತ್ರ ಪರೀಕ್ಷೆಯನ್ನು ನಂಬಬಹುದು.

ಮೈ ಹೇಳುವುದನ್ನು ಎಷ್ಟು ನಂಬಬೇಕು

ಅತ್ತೆಯ ಕಣ್ಣನ್ನು ನಾನು ತೆಗೆದುಹಾಕುವುದಿಲ್ಲ. ಎಷ್ಟೋ ಸಲ ಅವರು ಹೇಳಿದ್ದು ನಿಜವಾಗಿದೆ. ಆದರೆ ಎಷ್ಟೋ ಸಲ ಸುಳ್ಳಾಗಿದ್ದೂ ಇದೆ, ಅದು ನಮಗೆ ನೆನಪಿರುವುದಿಲ್ಲ ಅಷ್ಟೇ. ತೊಂದರೆ ಏನೆಂದರೆ, ಮುಟ್ಟು ಬರುವ ಮುಂಚಿನ ವಾರದ ಲಕ್ಷಣವೂ ಬಸುರಿನ ಮೊದಲ ವಾರಗಳ ಲಕ್ಷಣವೂ ಅಕ್ಕತಂಗಿಯರ ಹಾಗೆ. ಎರಡಕ್ಕೂ ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನೇ ಮುಖ್ಯ ಕಾರಣ.

ಎದೆ ಬಿಗಿತ ನೋಡಿ. ಮುಟ್ಟಿನ ಮುಂಚೆ ಎದೆ ಭಾರವಾಗಿ ನೋಯುತ್ತದೆ, ಹರಿವು ಶುರುವಾದ ಮೇಲೆ ಒಂದೆರಡು ದಿನದಲ್ಲಿ ಇಳಿಯುತ್ತದೆ. ಬಸುರಾಗಿದ್ದರೆ ಇಳಿಯುವುದಿಲ್ಲ. ದಿನ ತಪ್ಪಿದ ಮೇಲೂ ಹಾಗೇ ಇರುತ್ತದೆ, ಮೊಲೆತೊಟ್ಟು ಬಟ್ಟೆ ತಾಗಿದರೂ ಚುರುಕ್ ಅನ್ನುತ್ತದೆ. ಮುಂದಿನ ವಾರಗಳಲ್ಲಿ ತೊಟ್ಟಿನ ಸುತ್ತ ಬಣ್ಣ ಗಾಢವಾಗಬಹುದು. ನೋಡಿ, ಇಲ್ಲೂ ವ್ಯತ್ಯಾಸ ತಿಳಿಯುವುದು ದಿನ ಕಳೆದ ಮೇಲೇ.

ಕಿಬ್ಬೊಟ್ಟೆ ಹಿಡಿದಂತಾಗುವುದು ಎರಡರಲ್ಲೂ ಇದೆ. ಬಸುರಿನಲ್ಲಿ ಅದು ಹಗುರ, ಬಂದು ಹೋಗುತ್ತದೆ. ಮುಟ್ಟಿನದಾದರೆ ಜಾಸ್ತಿಯಾಗುತ್ತಾ ಹರಿವಿಗೆ ತಿರುಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಸಣ್ಣ ರಕ್ತದ ಕಲೆ. ಗರ್ಭ ಅಂಟಿಕೊಳ್ಳುವ ಸಮಯಕ್ಕೆ, ಅಂದರೆ ದಿನ ಬರುವ ಆಸುಪಾಸಿನಲ್ಲೇ, ಕೆಲವರಿಗೆ ಒಳ ಉಡುಪಿನ ಮೇಲೆ ತಿಳಿ ಗುಲಾಬಿ ಅಥವಾ ಕಂದು ಬಣ್ಣದ ಕಲೆ ಕಾಣುತ್ತದೆ. ಬಟ್ಟೆ ಇಡುವಷ್ಟೂ ಆಗುವುದಿಲ್ಲ, ಒಂದೆರಡು ದಿನದಲ್ಲಿ ನಿಲ್ಲುತ್ತದೆ. ಇದನ್ನೇ "ಈ ಸಲ ಸ್ವಲ್ಪ ಕಡಿಮೆ ಆಯ್ತು" ಅಂದುಕೊಂಡು ಬಿಟ್ಟವಳೊಬ್ಬಳು ನಮ್ಮ ಲೈನಿನಲ್ಲೇ ಇದ್ದಾಳೆ. ಆಕೆಗೆ ಗೊತ್ತಾಗಿದ್ದು ಮೂರು ತಿಂಗಳು ತುಂಬಿದ ಮೇಲೆ. ಯಾವಾಗಲೂ ನಾಲ್ಕು ದಿನ ಚೆನ್ನಾಗಿ ಆಗುವವರಿಗೆ ಒಂದು ದಿನ ಕಲೆ ಮಾತ್ರ ಕಂಡರೆ ಅದನ್ನು ಮುಟ್ಟು ಅಂತ ಲೆಕ್ಕಕ್ಕೆ ಹಿಡಿಯಬೇಡಿ. ಒಂದು ವಾರ ಬಿಟ್ಟು ಪರೀಕ್ಷೆ ಮಾಡಿ.

ವಾಕರಿಕೆಯ ಬಗ್ಗೆ ಸಿನಿಮಾ ನೋಡಿ ಕಲಿತದ್ದು ಬೇರೆ, ನಿಜ ಬೇರೆ. ಸಾಮಾನ್ಯವಾಗಿ ಅದು ಶುರುವಾಗುವುದು ಆರನೇ ವಾರದ ಹೊತ್ತಿಗೆ, ಅಂದರೆ ದಿನ ತಪ್ಪಿ ಹದಿನೈದು ದಿನ ಆದ ಮೇಲೆ. ಒಂಬತ್ತನೇ ವಾರದ ಸುಮಾರಿಗೆ ಜೋರಾಗುತ್ತದೆ. ಕೆಲವರಿಗೆ ಬರುವುದೇ ಇಲ್ಲ, ಅದೂ ಸಹಜವೇ. ದಿನ ಬರಲು ಇನ್ನೂ ವಾರ ಇರುವಾಗಲೇ ವಾಂತಿ ಬಂದರೆ ಗ್ಯಾಸ್ಟ್ರಿಕ್ ಇರುವ ಸಾಧ್ಯತೆಯೇ ಹೆಚ್ಚು. ವಾಸನೆ ಸಹಿಸಲಾಗದಿರುವುದು, ಬಾಯಿ ಕಬ್ಬಿಣ ನೆಕ್ಕಿದಂತಾಗುವುದು, ಪದೇ ಪದೇ ಮೂತ್ರಕ್ಕೆ ಏಳುವುದು ಮುಟ್ಟಿನ ಮುಂಚೆ ಅಷ್ಟಾಗಿ ಕಾಣುವುದಿಲ್ಲ. ಹಾಗಾಗಿ ಇವುಗಳಿಗೆ ನಾನು ಸ್ವಲ್ಪ ಹೆಚ್ಚು ಬೆಲೆ ಕೊಡುತ್ತೇನೆ. ಆದರೆ ಮೂತ್ರಕ್ಕೆ ಹೋದಾಗ ಉರಿ ಇದ್ದರೆ ಅದು ಸೋಂಕಿರಬಹುದು, ತೋರಿಸಬೇಕು.

ಸುಸ್ತನ್ನಂತೂ ನಮ್ಮ ಕಡೆ ಲಕ್ಷಣ ಅಂತ ಹಿಡಿಯುವುದೇ ಕಷ್ಟ. ಕಾಫಿ ಹಣ್ಣು ಬಿಡಿಸುವ ಕಾಲದಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಇಳಿಜಾರಿನಲ್ಲಿ ನಿಂತು, ಚೀಲ ಹೊತ್ತು ಬಂದವಳು ಎಂಟು ಗಂಟೆಗೇ ಮಲಗಿದರೆ ಏನು ಅರ್ಥ ಮಾಡಿಕೊಳ್ಳುವುದು? ರಕ್ತ ಕಡಿಮೆ ಇದ್ದರೂ ಸುಸ್ತೇ, ಥೈರಾಯ್ಡ್ ಇದ್ದರೂ ಸುಸ್ತೇ.

ದಿನ ತಪ್ಪಿದ್ದೆಲ್ಲ ಬಸುರೂ ಅಲ್ಲ. ಪಿಸಿಒಡಿ ಅನ್ನುವ ಅಂಡಾಶಯದ ತೊಂದರೆ, ಥೈರಾಯ್ಡ್, ಒಮ್ಮೆಲೇ ತೂಕ ಇಳಿಯುವುದು, ಮನಸ್ಸಿಗೆ ಪೆಟ್ಟು, ನಲವತ್ತರ ನಂತರದ ಏರುಪೇರು, ತುರ್ತು ಗರ್ಭನಿರೋಧಕ ಮಾತ್ರೆ ಇವೆಲ್ಲದರಿಂದಲೂ ದಿನ ಮುಂದೆ ಹೋಗುತ್ತದೆ. ಮೊಲೆ ಉಣಿಸುವ ತಾಯಂದಿರದು ಇನ್ನೊಂದು ಪಾಡು. ಹೆರಿಗೆ ಆದ ಮೇಲೆ ಮುಟ್ಟೇ ಬಂದಿಲ್ಲ, ಬಸುರಾಗಲು ಹೇಗೆ ಸಾಧ್ಯ ಅಂದುಕೊಳ್ಳುತ್ತಾರೆ. ಮೊದಲ ಮುಟ್ಟಿಗೂ ಮುಂಚೆಯೇ ಅಂಡಾಣು ಬಿಡುಗಡೆಯಾಗುತ್ತದೆ, ಹಾಗಾಗಿ ಮುಟ್ಟು ಕಾಣದೆಯೇ ಮತ್ತೆ ಬಸುರಾಗಬಹುದು.

ಸಕ್ಕರೆ, ಉಪ್ಪು, ಟೂತ್‌ಪೇಸ್ಟ್ ಹಾಕಿ ನೊರೆ ನೋಡುವ ಮನೆಪರೀಕ್ಷೆಗಳಲ್ಲಿ ಹುರುಳಿಲ್ಲ. ಅವು ಎಚ್‌ಸಿಜಿಯನ್ನು ಗುರುತಿಸುವುದೇ ಇಲ್ಲ.

ಮೆಡಿಕಲ್ ಶಾಪಿನ ಕಾರ್ಡ್

ಹೆಚ್ಚಿನವರಿಗೆ ನನ್ನ ಮೊದಲ ಆಯ್ಕೆ ಇದೇ. ಪ್ರೆಗಾ ನ್ಯೂಸ್, ಐ-ಕ್ಯಾನ್ ಎರಡೂ ಸಣ್ಣ ಊರಿನ ಅಂಗಡಿಯಲ್ಲೂ ಸಿಗುತ್ತವೆ. ನೂರು ರೂಪಾಯಿ ಒಳಗೆ ಮುಗಿಯುತ್ತದೆ. ಒಂದಕ್ಕಿಂತ ಒಂದು ಮೇಲು ಅಂತ ಹುಡುಕುವ ಅಗತ್ಯ ಇಲ್ಲ, ಎಲ್ಲವೂ ಹುಡುಕುವುದು ಅದೇ ಎಚ್‌ಸಿಜಿಯನ್ನು. ಯಾವ ಕಂಪನಿ ಅನ್ನುವುದಕ್ಕಿಂತ ಯಾವತ್ತು, ಯಾವ ಹೊತ್ತು ಮಾಡಿದಿರಿ ಅನ್ನುವುದು ಮುಖ್ಯ.

ದಿನ ತಪ್ಪಿದ ಮೊದಲ ದಿನವೇ ಮಾಡಬಹುದು ಅಂತ ಪೊಟ್ಟಣದ ಮೇಲೆ ಬರೆದಿರುತ್ತದೆ. ಕೆಲವರಿಗೆ ಅಷ್ಟರಲ್ಲೇ ಎರಡು ಗೆರೆ ಬರುವುದೂ ನಿಜ. ಆದರೆ ಗರ್ಭ ಸ್ವಲ್ಪ ತಡವಾಗಿ ಅಂಟಿಕೊಂಡಿದ್ದರೆ ಅವತ್ತು ಒಂದೇ ಗೆರೆ ಬರುತ್ತದೆ. ಸುಮ್ನೆ ಎದೆ ಒಡೆದುಕೊಳ್ಳುವುದಕ್ಕಿಂತ ಏಳು ದಿನ ಕಾಯುವುದು ಒಳ್ಳೆಯದು. ಕಾಯಲಾರೆ ಅಂದರೆ ಇವತ್ತೊಂದು ಮಾಡಿ, ಏಳು ದಿನಕ್ಕೆ ಇನ್ನೊಂದು ಮಾಡಿ. ಮೊದಲನೆಯದರಲ್ಲಿ ಒಂದೇ ಗೆರೆ ಬಂದರೆ ಅದನ್ನು "ಇಲ್ಲ" ಅಂತ ಓದಬೇಡಿ, "ಇನ್ನೂ ಗೊತ್ತಾಗಿಲ್ಲ" ಅಂತ ಓದಿ.

ಹೊತ್ತು ಅಂದರೆ ಬೆಳಗ್ಗೆ ಎದ್ದ ತಕ್ಷಣ. ರಾತ್ರಿಯೆಲ್ಲ ತಡೆದಿದ್ದ ಮೂತ್ರ ಗಟ್ಟಿಯಾಗಿರುತ್ತದೆ. ಓರಗಿತ್ತಿ ಮಾಡಿದ್ದು ಸಂಜೆ, ಅದೂ ಎರಡು ಚೊಂಬು ನೀರು ಕುಡಿದು. ಒಂದೆರಡು ದಿನವಷ್ಟೇ ತಪ್ಪಿದ್ದು, ಮೇಲೆ ನೀರಾದ ಮೂತ್ರ. ಒಂದೇ ಗೆರೆ ಬರದೆ ಇನ್ನೇನು?

ಮಾಡುವ ಕ್ರಮ ಸುಲಭ. ಒಣಗಿದ, ಸೋಪಿನ ಅಂಶ ಇಲ್ಲದ ಲೋಟದಲ್ಲಿ ಮೂತ್ರ ಹಿಡಿಯಿರಿ. ಪೊಟ್ಟಣವನ್ನು ಆಗಷ್ಟೇ ಹರಿಯಿರಿ. ನಮ್ಮ ಮಳೆಗಾಲದ ತೇವಕ್ಕೆ ಹಿಂದಿನ ರಾತ್ರಿಯೇ ಹರಿದಿಟ್ಟರೆ ಕಾರ್ಡ್ ಕೆಡುತ್ತದೆ. ಸಮತಟ್ಟಾದ ಜಾಗದಲ್ಲಿಟ್ಟು, ಕೊಟ್ಟಿರುವ ಪುಟ್ಟ ಡ್ರಾಪರಿನಿಂದ ಗುಂಡಿಗೆ ಪೊಟ್ಟಣದ ಮೇಲೆ ಹೇಳಿದಷ್ಟು ಹನಿ ಬಿಡಿ, ಸಾಮಾನ್ಯವಾಗಿ ಮೂರು. ಬಣ್ಣ ನಿಧಾನಕ್ಕೆ ಕಿಟಕಿಯ ಮೇಲೇರುತ್ತದೆ. ಮೊಬೈಲಿನಲ್ಲಿ ಐದು ನಿಮಿಷ ಇಟ್ಟುಕೊಂಡು ಆಗಲೇ ಓದಿ. ಎರಡನೇ ಗೆರೆ ಎಷ್ಟೇ ತಿಳಿಯಾಗಿದ್ದರೂ, ಬಣ್ಣ ಇದ್ದರೆ ಅದು ಗೆರೆಯೇ. ಅರ್ಧ ಗಂಟೆ ಬಿಟ್ಟು ಬಂದು ನೋಡಿದಾಗ ಕಾಣುವ ಬೂದು ಬಣ್ಣದ ಗೀಟು ಮೂತ್ರ ಒಣಗಿದ ಗುರುತು, ಅದನ್ನು ನಂಬಬೇಡಿ.

'ಸಿ' ಎದುರಿನ ಗೆರೆಯೇ ಬರದಿದ್ದರೆ ಆ ಕಾರ್ಡ್ ಕೆಟ್ಟಿದೆ ಅಂತ ಅರ್ಥ. ಇದನ್ನು ನಾನು ಕಷ್ಟಪಟ್ಟು ಕಲಿತೆ. ಮೊದಲ ಸಲ ಒಂದು ಅಂಗಡಿಯಿಂದ ತಂದ ಕಾರ್ಡಿನಲ್ಲಿ ಒಂದೂ ಗೆರೆ ಬರಲಿಲ್ಲ. ಗೆರೆಯೇ ಇಲ್ಲ ಅಂದಮೇಲೆ ಬಸುರೂ ಇಲ್ಲ ಅಂದುಕೊಂಡೆ. ಮೂರು ವಾರ ಬೆನ್ನುನೋವಿಗೆ ಸಿಕ್ಕ ಮಾತ್ರೆ ನುಂಗುತ್ತಾ ಮೆಣಸಿನ ಮೂಟೆ ಎತ್ತಿಟ್ಟೆ. ಆಮೇಲೆ ಕಸದ ಬುಟ್ಟಿಯ ಹಿಂದೆ ಬಿದ್ದಿದ್ದ ಪೊಟ್ಟಣ ಸಿಕ್ಕಿತು. ಅದರ ಮೇಲಿನ ದಿನಾಂಕ ಮುಗಿದು ಎಂಟು ತಿಂಗಳಾಗಿತ್ತು. ನನ್ನ ಮಗಳು ಆರೋಗ್ಯವಾಗಿ ಹುಟ್ಟಿದಳು. ಆದರೆ ಆ ಮೂರು ವಾರ ನೆನೆದರೆ ಈಗಲೂ ಹೊಟ್ಟೆ ತೊಳಸುತ್ತದೆ. ಅಂಗಡಿಯಲ್ಲೇ ದಿನಾಂಕ ನೋಡಿ ತನ್ನಿ. ನಾಚಿಕೆಯಿಂದ ಪೇಪರಿನಲ್ಲಿ ಸುತ್ತಿಸಿಕೊಂಡು ಓಡಿ ಬರಬೇಡಿ.

ಎರಡು ಗೆರೆ ಬಂದೂ ಗರ್ಭ ಇಲ್ಲದಿರುವುದು ಅಪರೂಪ. ಮಕ್ಕಳಾಗಲು ಎಚ್‌ಸಿಜಿ ಇಂಜೆಕ್ಷನ್ ತೆಗೆದುಕೊಂಡವರಿಗೆ, ಇತ್ತೀಚೆಗೆ ಗರ್ಭ ಹೋದವರಿಗೆ ಹಾಗಾಗಬಹುದು. ಅವರು ಡಾಕ್ಟರ್ ಹೇಳಿದ ದಿನವೇ ಪರೀಕ್ಷೆ ಮಾಡಿಸಬೇಕು.

ಆಶಾ ಅಕ್ಕನ ಹತ್ತಿರ ಕೇಳುವುದು

ಇದೇ ಪರೀಕ್ಷೆ ಊರಲ್ಲೇ ಪುಕ್ಕಟೆ ಸಿಗುತ್ತದೆ ಅಂತ ಎಷ್ಟೋ ಜನರಿಗೆ ಗೊತ್ತಿಲ್ಲ. ಸರ್ಕಾರದ ನಿಶ್ಚಯ್ ಕಿಟ್ ಆಶಾ ಕಾರ್ಯಕರ್ತೆಯರ ಮೂಲಕ, ಸಬ್ ಸೆಂಟರಿನಲ್ಲಿ ಕೊಡುತ್ತಾರೆ. ಕೆಲಸ ಮಾಡುವ ರೀತಿ ಅಂಗಡಿ ಕಾರ್ಡಿನದೇ.

ಹಾಗಾದರೆ ಯಾವುದು ಒಳ್ಳೆಯದು? ಗುಟ್ಟು ಬೇಕಾದವರಿಗೆ ಅಂಗಡಿ. ಊರು ಚಿಕ್ಕದು, ಲೈನಿನಲ್ಲಿ ಒಬ್ಬರ ಮನೆಗೆ ಆಶಾ ಬಂದರೆ ಹತ್ತು ಬಾಗಿಲು ತೆರೆಯುತ್ತವೆ. ಮೊದಲು ಒಂದು ಗರ್ಭ ಹೋದವರಿಗೆ, ಮದುವೆಯಾಗಿ ಆರು ವರ್ಷವಾಗಿ ಎಲ್ಲರ ಬಾಯಿಗೆ ಬಿದ್ದವರಿಗೆ ಆ ಬಾಗಿಲು ಎಷ್ಟು ನೋವು ಕೊಡುತ್ತದೆ ಅಂತ ನಾನು ನೋಡಿದ್ದೇನೆ. ಅಂಥವರು ಅಂಗಡಿ ಕಾರ್ಡ್ ತಂದು ತಮ್ಮ ಬಚ್ಚಲಲ್ಲೇ ನೋಡಿಕೊಳ್ಳಲಿ, ತಪ್ಪೇನಿಲ್ಲ.

ಆದರೆ ಎರಡು ಗೆರೆ ಬಂದ ಮೇಲೆ ಆಶಾ ಅಕ್ಕನಿಗೆ ಹೇಳಲೇಬೇಕು ಅನ್ನುತ್ತೇನೆ. 12 ವಾರದೊಳಗೆ ಹೆಸರು ಬರೆಸಿದರೆ ತಾಯಿ ಕಾರ್ಡ್ ಆಗುತ್ತದೆ, ಫೋಲಿಕ್ ಆಸಿಡ್ ಮಾತ್ರೆ ಕೈಗೆ ಬರುತ್ತದೆ. ಮಗುವಿನ ಮೆದುಳುಬಳ್ಳಿ ರೂಪುಗೊಳ್ಳುವುದೇ ಮೊದಲ ವಾರಗಳಲ್ಲಿ. ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಬೇಕಾಗಿರುವುದು ಆಗಲೇ, ನಾಲ್ಕು ತಿಂಗಳು ತುಂಬಿ ಹೊಟ್ಟೆ ಕಂಡಮೇಲೆ ಅಲ್ಲ. ಅಂಗನವಾಡಿಯ ಮಾತೃಪೂರ್ಣ ಊಟ, ಅರ್ಹರಿಗೆ ಮೊದಲ ಮಗುವಿಗೆ ಸಿಗುವ ಕೇಂದ್ರ ಸರ್ಕಾರದ ಮಾತೃವಂದನಾ ಯೋಜನೆಯ 5,000 ರೂಪಾಯಿ, ಇವೂ ಹೆಸರು ಬರೆಸಿದವರಿಗೇ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರನ್ನು ಡಾಕ್ಟರೇ ಪುಕ್ಕಟೆ ನೋಡುತ್ತಾರೆ. 2016ರಿಂದ ಇದು ನಡೆದುಕೊಂಡು ಬಂದಿದೆ.

ರಕ್ತ ಪರೀಕ್ಷೆ ಯಾರಿಗೆ

ಅವಳ ಅಮ್ಮ ಹೇಳಿದ್ದು ಒಂದು ಅರ್ಥದಲ್ಲಿ ಸರಿ. ಬೀಟಾ ಎಚ್‌ಸಿಜಿ ರಕ್ತ ಪರೀಕ್ಷೆ ಮೂತ್ರದ ಕಾರ್ಡಿಗಿಂತ ಕೆಲವು ದಿನ ಮೊದಲೇ ಹೇಳುತ್ತದೆ. ಬರೀ ಹೌದು ಅಲ್ಲ ಅನ್ನುವುದಲ್ಲ, ಎಷ್ಟಿದೆ ಅಂತಲೂ ಹೇಳುತ್ತದೆ. ಸಾಮಾನ್ಯವಾಗಿ 5ಕ್ಕಿಂತ ಕಡಿಮೆ ಇದ್ದರೆ ಇಲ್ಲ, 25 ದಾಟಿದರೆ ಹೌದು ಅಂತ ಓದುತ್ತಾರೆ. ನಡುವೆ ಬಂದರೆ ಮತ್ತೆ ಮಾಡಬೇಕು.

ಆದರೆ ಮೂರು ನಾಲ್ಕು ದಿನ ಮುಂಚೆ ಗೊತ್ತಾಗಲಿ ಅನ್ನುವ ಒಂದೇ ಕಾರಣಕ್ಕೆ ಇದಕ್ಕೆ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಕಾರ್ಡಿಗಿಂತ ಎಷ್ಟೋ ಪಟ್ಟು ದುಡ್ಡು. ಸಣ್ಣ ಊರಿನ ಕೆಲವು ಲ್ಯಾಬಿನವರು ರಕ್ತ ತೆಗೆದು ಬೇರೆ ಊರಿಗೆ ಕಳಿಸುತ್ತಾರೆ, ರಿಪೋರ್ಟ್ ಬರುವ ಹೊತ್ತಿಗೆ ಕಾರ್ಡೇ ಉತ್ತರ ಹೇಳಿರುತ್ತದೆ. ಇನ್ನೊಂದು ವಿಷಯ ಇದೆ. ಅಂಟಿಕೊಂಡು ನಾಲ್ಕೈದು ದಿನದಲ್ಲೇ ಜಾರಿಹೋಗುವ ಗರ್ಭಗಳು ಕಡಿಮೆ ಏನಿಲ್ಲ. ಹೆಚ್ಚಿನವರಿಗೆ ಅದು ತಡವಾಗಿ ಬಂದ ಮುಟ್ಟಿನಂತೆ ಕಳೆದುಹೋಗುತ್ತದೆ. ತೀರಾ ಬೇಗ ಪರೀಕ್ಷೆ ಮಾಡಿದವರು ಮಾತ್ರ ಅದನ್ನು ಕಳೆದುಕೊಂಡ ಮಗು ಅಂತ ಹೊತ್ತುಕೊಳ್ಳುತ್ತಾರೆ.

ಯಾರಿಗೆ ಬೇಕು ಅಂದರೆ, ಮಕ್ಕಳಾಗಲು ಐವಿಎಫ್ ಅಥವಾ ಬೇರೆ ಚಿಕಿತ್ಸೆ ಮಾಡಿಸಿಕೊಂಡವರಿಗೆ, ಹಿಂದೆ ಗರ್ಭಕೋಶದ ಬದಲು ಅಂಡಾಣು ಬರುವ ಕೊಳವೆಯಲ್ಲಿ ಗರ್ಭ ನಿಂತವರಿಗೆ, ಮೇಲಿಂದ ಮೇಲೆ ಗರ್ಭ ಹೋದವರಿಗೆ, ತಿಳಿ ಗೆರೆ ವಾರವಾದರೂ ಗಾಢವಾಗದವರಿಗೆ. ಇಂಥ ಕಡೆ ಡಾಕ್ಟರು ಒಂದೇ ಪರೀಕ್ಷೆಗೆ ನಿಲ್ಲುವುದಿಲ್ಲ. 48 ಗಂಟೆ ಬಿಟ್ಟು ಇನ್ನೊಮ್ಮೆ ರಕ್ತ ತೆಗೆದು, ಸಂಖ್ಯೆ ಏರುತ್ತಿದೆಯೇ ಅಂತ ನೋಡುತ್ತಾರೆ. ಎರಡೂ ಸಲ ಒಂದೇ ಲ್ಯಾಬಿನಲ್ಲಿ ಮಾಡಿಸಿ.

ಸ್ಕ್ಯಾನಿಂಗ್ ಅವಸರ ಬೇಡ

ಬಣಕಲ್‌ನಿಂದ ಹಾಸನ ಅಂದರೆ 60 ಕಿಲೋಮೀಟರಿಗೂ ಹೆಚ್ಚು. ಚಿಕ್ಕಮಗಳೂರು ಅದಕ್ಕಿಂತ ಹತ್ತಿರ. ಎಲ್ಲಿಗೆ ಹೋದರೂ ದಿನ ತಪ್ಪಿದ ಎರಡನೇ ದಿನಕ್ಕೆ ಸ್ಕ್ಯಾನಿಂಗಿನಲ್ಲಿ ಏನೂ ಕಾಣುವುದಿಲ್ಲ. ಒಳಗಿನಿಂದ ಮಾಡುವ ಸ್ಕ್ಯಾನಿಂಗಿನಲ್ಲಿ ಗರ್ಭದ ಚೀಲ ಕಾಣುವುದು ಐದನೇ ವಾರದ ಸುಮಾರಿಗೆ. ಎದೆಬಡಿತ ಆರನೇ ವಾರದ ಸುಮಾರಿಗೆ. ಹೊಟ್ಟೆ ಮೇಲಿನಿಂದ ಮಾಡಿದರೆ ಇನ್ನೂ ಒಂದು ವಾರ ತಡ. ಬೇಗ ಹೋದವರಿಗೆ "ಚೀಲ ಇದೆ, ಮಗು ಕಾಣುತ್ತಿಲ್ಲ, ಹತ್ತು ದಿನ ಬಿಟ್ಟು ಬನ್ನಿ" ಅನ್ನುತ್ತಾರೆ. ಆ ಹತ್ತು ದಿನ ಮನೆಯವರೆಲ್ಲ ನಿದ್ದೆಗೆಡುತ್ತಾರೆ. ನೋವು, ರಕ್ತ ಏನೂ ಇಲ್ಲದಿದ್ದರೆ ಏಳು ಎಂಟು ವಾರಕ್ಕೆ ಹೋಗಿ. ಒಂದೇ ಸಲಕ್ಕೆ ಎದೆಬಡಿತ ನೋಡಿಕೊಂಡು ಬರಬಹುದು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಇದರಿಂದ ಮನೆ ಒಡೆದದ್ದನ್ನು ಕಂಡಿದ್ದೇನೆ. ಗರ್ಭದ ವಾರ ಎಣಿಸುವುದು ಗಂಡಹೆಂಡತಿ ಸೇರಿದ ದಿನದಿಂದ ಅಲ್ಲ, ಕೊನೆಯ ಮುಟ್ಟಿನ ಮೊದಲ ದಿನದಿಂದ. ಹಾಗಾಗಿ ರಿಪೋರ್ಟಿನಲ್ಲಿ ಯಾವಾಗಲೂ ಸುಮಾರು ಎರಡು ವಾರ ಮುಂದೆ ಇರುತ್ತದೆ. ಗಂಡ ಬೆಂಗಳೂರಿನಲ್ಲಿ ಕೆಲಸ ಮಾಡಿ ತಿಂಗಳಿಗೊಮ್ಮೆ ಬರುವ ಮನೆಗಳಲ್ಲಿ, "ಆರು ವಾರ ಅಂತ ಬರೆದಿದೆ, ನಾನು ಬಂದು ಹೋಗಿ ನಾಲ್ಕೇ ವಾರ ಆಯ್ತಲ್ಲ" ಅಂತ ಲೆಕ್ಕ ಹಾಕಿ ಕೂರುತ್ತಾರೆ. ಎರಡು ಲೆಕ್ಕವೂ ಸರಿಯಾಗಿಯೇ ಇದೆ. ಆರು ವಾರ ಅಂದರೆ ಗರ್ಭ ಕಟ್ಟಿ ನಾಲ್ಕು ವಾರ. ಸ್ಕ್ಯಾನಿಂಗ್ ಮಾಡಿದವರು ಇದನ್ನು ಗಂಡನಿಗೂ ಕೂರಿಸಿ ಹೇಳಿದರೆ ಎಷ್ಟು ಒಳ್ಳೆಯದಿತ್ತು.

ಗಂಡೋ ಹೆಣ್ಣೋ ಕೇಳಬೇಡಿ. 1994ರ ಕಾಯ್ದೆ ಪ್ರಕಾರ ಕೇಳುವುದೂ ಹೇಳುವುದೂ ಅಪರಾಧ.

ಆಯ್ಕೆಯೇ ಇಲ್ಲದ ಸಂದರ್ಭ

ದಿನ ತಪ್ಪಿದ ಹೆಣ್ಣಿಗೆ ಹೊಟ್ಟೆಯ ಒಂದೇ ಬದಿಯಲ್ಲಿ ಚುಚ್ಚುವ ನೋವು ಬಂದರೆ, ಭುಜದ ತುದಿ ನೋಯಲು ಶುರುವಾದರೆ, ತಲೆ ಸುತ್ತಿ ಬಿದ್ದರೆ, ಒಂದು ಗಂಟೆಯಲ್ಲಿ ಪ್ಯಾಡ್ ಒದ್ದೆಯಾಗುವಷ್ಟು ರಕ್ತ ಹೋದರೆ ಇಲ್ಲಿ ಬರೆದ ಯಾವ ಹೋಲಿಕೆಯೂ ಬೇಡ. ಕಾರ್ಡಿನಲ್ಲಿ ಎಷ್ಟು ಗೆರೆ ಬಂತು ಅಂತಲೂ ನೋಡಬೇಡಿ. ಗರ್ಭವು ಗರ್ಭಕೋಶದ ಬದಲು ಕೊಳವೆಯಲ್ಲಿ ನಿಂತಿರಬಹುದು. ಕೊಳವೆ ಒಡೆದರೆ ಒಳಗೇ ರಕ್ತ ಸೋರಿ ಜೀವಕ್ಕೇ ಕುತ್ತು. 108ಕ್ಕೆ ಫೋನ್ ಮಾಡಿ, ಆಪರೇಷನ್ ಮಾಡುವ ಅನುಕೂಲ ಇರುವ ಆಸ್ಪತ್ರೆಗೇ ಹೋಗಿ. ಕಾಪರ್‌ಟಿ ಹಾಕಿಸಿಕೊಂಡವರು, ಮಕ್ಕಳಾಗದ ಆಪರೇಷನ್ ಆದವರು ದಿನ ತಪ್ಪಿದರೆ ನೋವಿಗೆ ಕಾಯದೆ ಬೇಗ ತೋರಿಸಬೇಕು. ಅವರಿಗೆ ಗರ್ಭ ನಿಲ್ಲುವುದು ಕಡಿಮೆ, ಆದರೆ ನಿಂತರೆ ಕೊಳವೆಯಲ್ಲಿರುವ ಅಪಾಯ ಹೆಚ್ಚು.

ಮಲೆನಾಡಿನವರು ಇನ್ನೂ ಒಂದು ಲೆಕ್ಕ ಇಟ್ಟುಕೊಳ್ಳಬೇಕು. 2019ರ ಆಗಸ್ಟ್ ಮಳೆಯಲ್ಲಿ ಚಾರ್ಮಾಡಿ ಘಾಟಿ ಕುಸಿದು ದಾರಿ ನಿಂತದ್ದನ್ನು ನಮ್ಮ ಕಡೆಯವರು ಮರೆತಿಲ್ಲ. ಕಳಸ, ಕೊಟ್ಟಿಗೆಹಾರದ ಕಡೆ ಮರ ಬಿದ್ದರೆ ಅರ್ಧ ದಿನ ಅಲುಗಾಡುವ ಹಾಗಿಲ್ಲ. ಮಳೆಗಾಲದಲ್ಲಿ ದಿನ ತಪ್ಪಿದರೆ, ಹಿಂದೆ ತೊಂದರೆ ಆಗಿದ್ದವರು "ನೋಡೋಣ" ಅಂತ ಮನೆಯಲ್ಲಿ ಕೂರಬೇಡಿ. ದಾರಿ ತೆರೆದಿರುವಾಗಲೇ ಒಮ್ಮೆ ತೋರಿಸಿಕೊಂಡು ಬನ್ನಿ. ನೆಟ್‌ವರ್ಕ್ ಎಲ್ಲಿ ಸಿಗುತ್ತದೆ, ರಾತ್ರಿ ಯಾರ ಜೀಪ್ ಬರುತ್ತದೆ ಅಂತ ಮೊದಲೇ ಮಾತಾಡಿಟ್ಟುಕೊಳ್ಳಿ.

ಬೇಡದ ಸಮಯಕ್ಕೆ ಬಂದಿದ್ದರೆ

ಎರಡು ಗೆರೆ ಎಲ್ಲರಿಗೂ ಸಂತೋಷ ತರುವುದಿಲ್ಲ. ಹಾಗನ್ನಿಸಿದವರು ತಪ್ಪು ಮಾಡಿದವರಲ್ಲ. ಗರ್ಭಪಾತ ನಮ್ಮಲ್ಲಿ 1971ರ ಕಾಯ್ದೆಯ ಪ್ರಕಾರ ಕಾನೂನಿನೊಳಗೇ ಇದೆ. 2021ರ ತಿದ್ದುಪಡಿಯ ನಂತರ 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. 18 ತುಂಬಿದವಳಿಗೆ ಅವಳ ಒಪ್ಪಿಗೆಯೇ ಸಾಕು, ಗಂಡನ ಸಹಿ ಬೇಕಿಲ್ಲ. ಹೆಸರು ಹೊರಗೆ ಬಿಡುವಂತಿಲ್ಲ. ಮಾತ್ರೆಯಿಂದ ಆಗುವುದು 9 ವಾರದೊಳಗೆ, ಅದೂ ಡಾಕ್ಟರ ಮೇಲ್ವಿಚಾರಣೆಯಲ್ಲಿ. ಅಂಗಡಿಯಿಂದ ಯಾರ ಕೈಯಲ್ಲೋ ತರಿಸಿದ ಮಾತ್ರೆ ನುಂಗಬೇಡಿ. ಗರ್ಭ ಕೊಳವೆಯಲ್ಲಿದ್ದರೆ ಆ ಮಾತ್ರೆಯಿಂದ ಏನೂ ಆಗದು, ಬರುವ ನೋವನ್ನು ಮಾತ್ರೆಯ ನೋವು ಅಂದುಕೊಂಡು ಸುಮ್ಮನಿದ್ದುಬಿಡುತ್ತೀರಿ.

ಗೊತ್ತಾಗುವವರೆಗಿನ ದಿನಗಳು

ಉತ್ತರ ಸಿಗುವವರೆಗೆ ಬಸುರಿ ಅಂತಲೇ ಅಂದುಕೊಂಡು ನಡೆದುಕೊಳ್ಳಿ. ಡೈಕ್ಲೋಫೆನಾಕ್, ಐಬುಪ್ರೊಫೇನ್ ತರಹದ ನೋವಿನ ಮಾತ್ರೆ ಕೇಳದೆ ತೆಗೆದುಕೊಳ್ಳಬೇಡಿ. ಎಕ್ಸ್‌ರೇ ಅಂದರೆ "ದಿನ ತಪ್ಪಿದೆ" ಅಂತ ಮೊದಲೇ ಹೇಳಿ. ಆದರೆ ಬಿಪಿ, ಥೈರಾಯ್ಡ್, ಫಿಟ್ಸ್ ಮಾತ್ರೆ ತೆಗೆದುಕೊಳ್ಳುವವರು ನೀವಾಗಿಯೇ ನಿಲ್ಲಿಸಬೇಡಿ, ಫೋನ್ ಮಾಡಿ ಕೇಳಿ. ತೋಟದಲ್ಲಿ ಔಷಧಿ ಹೊಡೆಯುವ ದಿನ ಆ ಕಡೆ ಹೋಗಬೇಡಿ, ಔಷಧಿ ಹೊಡೆದವರ ಬಟ್ಟೆಯನ್ನೂ ನೀವು ಒಗೆಯಬೇಡಿ. ಮೈಲುತುತ್ತ ಕಲಸುವ ಕೆಲಸ ಬೇರೆಯವರಿಗೆ ಬಿಡಿ. ತೋಟದ ಕೆಲಸ ನೋಡಿಕೊಳ್ಳುವ ರೈಟರಿಗೆ ಕಾರಣ ಹೇಳಲು ಸಂಕೋಚವಾದರೆ ಜ್ವರ ಅನ್ನಿ.

ಕಾಫಿ ಪೂರ್ತಿ ಬಿಡಬೇಕಿಲ್ಲ. ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ಮೀರದಿರಲಿ ಅನ್ನುತ್ತಾರೆ. ನಮ್ಮ ಗಟ್ಟಿ ಡಿಕಾಕ್ಷನ್ ಲೆಕ್ಕಕ್ಕೆ ನಾನು ಬಸುರಿಯರಿಗೆ ದಿನಕ್ಕೆ ಎರಡು ಸಣ್ಣ ಲೋಟ, ಅದೂ ತೆಳ್ಳಗೆ, ಅಂತ ಹೇಳುತ್ತೇನೆ. ಟೀಯನ್ನೂ ಇದರೊಳಗೇ ಎಣಿಸಿ.

ಓರಗಿತ್ತಿಗೆ ಹೇಳಿದ್ದು ಇಷ್ಟೇ. ಹಾಸನ ಬೇಡ, ಲ್ಯಾಬೂ ಬೇಡ, 19ರವರೆಗೆ ಕಾಯಿ. ಇನ್ನೊಂದು ಕಾರ್ಡನ್ನು ನಾನೇ ದಿನಾಂಕ ನೋಡಿ ತಂದು ಅವಳ ಬೀರುವಿನಲ್ಲಿಟ್ಟೆ. 19ರ ಬೆಳಗ್ಗೆ ಕರೆಂಟ್ ಇರಲಿಲ್ಲ. ಮೊಬೈಲ್ ಬೆಳಕಿನಲ್ಲಿ ಬಚ್ಚಲ ಕಿಟಕಿಯ ಕಟ್ಟೆ ಮೇಲೆ ಕಾರ್ಡಿಟ್ಟು ಇಬ್ಬರೂ ನಿಂತೆವು. ಮೊದಲನೇ ಗೆರೆ ಬಂತು. ಎರಡನೆಯದು ಒಂದು ನಿಮಿಷದಲ್ಲೇ ಬಂತು, ತಿಳಿ ಗುಲಾಬಿ, ಆದರೆ ಗೆರೆಯೇ.

ಲೆಕ್ಕಕ್ಕೆ ಅವತ್ತು 5 ವಾರ 4 ದಿನ. ಜೂನ್ 10ಕ್ಕೆ ಒಂಬತ್ತು ತಿಂಗಳು ಏಳು ದಿನ ಸೇರಿಸಿದರೆ ಮಾರ್ಚ್ 17. ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರ್ ನೋಡುವ ಆಗಸ್ಟ್ 9ಕ್ಕೆ ಅವಳಿಗೆ ಎಂಟು ವಾರ ದಾಟಿರುತ್ತದೆ. ಅವಳು ಕ್ಯಾಲೆಂಡರ್ ಹಾಳೆ ಮಗುಚಿ, ಹಾಲಿನ ಲೆಕ್ಕ ಬರೆಯುವ ಪೆನ್ನಿನಲ್ಲೇ ಆ 9ರ ಸುತ್ತ ಒಂದು ಸೊನ್ನೆ ಸುತ್ತಿದಳು.